ಹೆಸರು ನಮ್ಮದು, ಎಂಜಿನ್ ಯಾರದು?

ಕ್ವಾಲಾಲಂಪುರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಾರಿದೆ. 1985ರ ಜುಲೈಯಲ್ಲಿ ಶಾ ಆಲಂ ಕಾರ್ಖಾನೆಯಿಂದ ಹೊರಬಂದ ಮೊದಲ ‘ಪ್ರೋಟಾನ್ ಸಾಗಾ’ ಅದು. ರಬ್ಬರ್, ತವರ, ತಾಳೆ ಎಣ್ಣೆಗಳಿಗೆ ಹೆಸರಾಗಿದ್ದ ಮಲೇಶ್ಯ ತಾನೂ ಕಾರು ತಯಾರಿಸಬಲ್ಲೆನೆಂದು ಹೆಮ್ಮೆಪಟ್ಟದ್ದು ಸಹಜ. ಆದರೆ ಆ ಹೆಮ್ಮೆಯ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕಾಗುತ್ತದೆ.

ಪ್ರಧಾನಿ ಮಹಾತೀರ್ ಮುಹಮ್ಮದರ ಕನಸಿನ ಕೂಸಾಗಿ ಪ್ರೋಟಾನ್ ಕಂಪೆನಿ ಹುಟ್ಟಿದ್ದು 1983ರಲ್ಲಿ. ಬಂಡವಾಳದಲ್ಲಿ ಶೇ. 70 ಸರಕಾರಿ ನಿಗಮದ್ದು, ಶೇ. 30 ಜಪಾನಿನ ಮಿತ್ಸುಬಿಷಿಯದ್ದು. ಸಾಗಾ ಕೂಡ ಮಿತ್ಸುಬಿಷಿಯ ಲ್ಯಾನ್ಸರ್ ಫಿಯೋರೆ ಕಾರಿನ ಇನ್ನೊಂದು ರೂಪ. ಕತೆ ಬರೆಯುವ ನಮಗೆ ಇದರಲ್ಲಿ ಅವಮಾನ ಕಾಣುವುದಿಲ್ಲ. ಉರ್ದುವಿನ ಅಫ್ಸಾನ, ಕನ್ನಡದ ಸಣ್ಣಕತೆ ಎರಡೂ ಪರಭಾಷೆಯ ಕತೆಗಳನ್ನು ಓದಿಯೇ ಬೆಳೆದವು. ಅನುವಾದದಿಂದ ಸ್ವಂತ ಬರವಣಿಗೆಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದೇ ಮುಖ್ಯ.

ದಕ್ಷಿಣ ಕೊರಿಯಾವನ್ನು ನೋಡಿ. 1975ರ ಹ್ಯುಂಡೈ ಪೋನಿಯಲ್ಲೂ ಇದ್ದದ್ದು ಮಿತ್ಸುಬಿಷಿ ಎಂಜಿನ್ನೇ. ಅಲ್ಲಿಯ ಸರಕಾರವೂ ರಕ್ಷಣೆ ಕೊಟ್ಟಿತು, ಆದರೆ ಹೊರದೇಶಕ್ಕೆ ಮಾರಿ ತೋರಿಸೆಂದು ಒತ್ತಡವನ್ನೂ ಹಾಕಿತು. 1991ರಲ್ಲಿ ಹ್ಯುಂಡೈ ಸ್ವಂತ ಎಂಜಿನ್ ತಂದಿತು. ಪ್ರೋಟಾನ್ ತನ್ನ ಎಂಜಿನ್ ತಂದದ್ದು 2004ರಲ್ಲಿ, ಅದೂ ಬ್ರಿಟನ್ನಿನ ಲೋಟಸ್ ನೆರವಿನಿಂದ. ಆಮದು ಕಾರಿನ ಮೇಲೆ ಭಾರೀ ಸುಂಕವಿದ್ದಾಗ ತಿದ್ದಿಕೊಳ್ಳುವ ಅವಸರ ಯಾರಿಗಿರುತ್ತದೆ? ಹಿಂದುಳಿದ ಮಲಯರನ್ನು ಉದ್ಯಮಿಗಳಾಗಿಸಲು ಬಿಡಿಭಾಗದ ಗುತ್ತಿಗೆಗಳಲ್ಲಿ ಆದ್ಯತೆ ಕೊಟ್ಟರು. ಉದ್ದೇಶ ನ್ಯಾಯವಾದುದೇ. ಆದರೆ ಗುಣಮಟ್ಟದ ಪರೀಕ್ಷೆಯಿಲ್ಲದ ಆದ್ಯತೆ ಕೊನೆಗೆ ಅದನ್ನು ಪಡೆದವನನ್ನೇ ದುರ್ಬಲಗೊಳಿಸುತ್ತದೆ. ಸುಂಕದ ಹೊರೆಯನ್ನಂತೂ ಕಂತು ಕಟ್ಟಿ ಕಾರು ಕೊಂಡ ಗುಮಾಸ್ತ, ಶಾಲಾ ಮಾಸ್ತರರೇ ಹೊತ್ತರು.

ಹಾಗೆಂದು ಎಲ್ಲವೂ ವ್ಯರ್ಥವಾಯಿತೆನ್ನಲಾಗದು. ಸಾವಿರಾರು ಯುವಕರು ಕೆಲಸ ಕಲಿತರು. 1993ರಲ್ಲಿ ಹುಟ್ಟಿದ ಪೆರೊಡುವಾ ಕಂಪೆನಿ ದೈಹಾತ್ಸು ಜೊತೆ ಸೇರಿ ಬಡ ಮಧ್ಯಮವರ್ಗದ ಕೈಗೆಟಕುವ ಪುಟ್ಟ ‘ಕಾಂಚಿಲ್’ ತಂದಿತು. 2006ರಲ್ಲಿ ಮಾರಾಟದಲ್ಲಿ ಪ್ರೋಟಾನನ್ನೇ ಹಿಂದಿಕ್ಕಿತು. ಭಾಷಣದ ಹೆಮ್ಮೆಗಿಂತ ಮನೆಯ ಅಗತ್ಯ ಗೆದ್ದಿತು.

2017ರಲ್ಲಿ ಪ್ರೋಟಾನಿನ ಶೇ. 49.9 ಪಾಲು ಚೀನಾದ ಗೀಲಿ ಕಂಪೆನಿಗೆ ಹೋಯಿತು. ಮಹಾತೀರ್ ಬಹಿರಂಗವಾಗಿ ದುಃಖ ತೋಡಿಕೊಂಡರು. ಮರುವರ್ಷದ ಕೊನೆಗೆ ಬಂದ ಪ್ರೋಟಾನ್ ಎಕ್ಸ್70, ಗೀಲಿಯ ಬೋಯುಯೆ ಕಾರಿನ ರೂಪಾಂತರ. ಮಾರಾಟವೇನೋ ಚೇತರಿಸಿತು. ಆದರೆ ಮೂರು ದಶಕಗಳ ನಂತರವೂ ಅನ್ಯರ ಕಾರಿಗೆ ತಮ್ಮ ಹೆಸರೇ. ಮಗುವಿಗೆ ನಡೆಯಲು ಕಲಿಸುವಾಗ ಕೈ ಹಿಡಿಯಲೇಬೇಕು, ಬಿಡುವ ದಿನವನ್ನೂ ನಿಶ್ಚಯಿಸಿರಬೇಕು. ಸ್ವದೇಶಿಯ ಹೆಸರಿನಲ್ಲಿ ಸುಂಕದ ಗೋಡೆ ಎತ್ತುವ ಯಾವ ದೇಶವಾದರೂ ಮೊದಲು ಹೇಳಬೇಕಾದದ್ದು ಆ ದಿನ ಯಾವುದೆಂಬುದನ್ನು.