ಡ್ರಿಲ್ ಡಾಕ್ಟರ ಕೈಲಿ, ಕ್ಯಾಲೆಂಡರ್ ಯಾರ ಕೈಲಿ?

ಅಮೆರಿಕದ ಪಿಬಿಎಸ್ ವಾಹಿನಿಯ ‘ಫ್ರಂಟ್‌ಲೈನ್’ ಸರಣಿಯಲ್ಲಿ 2012ರ ಜೂನ್‌ನಲ್ಲಿ ‘ಡಾಲರ್ಸ್ ಆ್ಯಂಡ್ ಡೆಂಟಿಸ್ಟ್ಸ್’ ಅನ್ನೋ ಸಾಕ್ಷ್ಯಚಿತ್ರ ಬಂತು. ಹಳೇದಾಯ್ತಲ್ಲ ಅನ್ನಬೇಡಿ, ಅದು ಎತ್ತಿದ ಪ್ರಶ್ನೆ ಇನ್ನೂ ಹಳೇದಾಗಿಲ್ಲ. ಆದರೆ ಉತ್ತರ ಹುಡುಕಬೇಕಾದ ಜಾಗದಲ್ಲಿ ಚಿತ್ರ ಹುಡುಕಲಿಲ್ಲ ಅನ್ನೋದು ನನ್ನ ತಕರಾರು.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಡೆಂಟಲ್ ಸಪೋರ್ಟ್ ಆರ್ಗನೈಸೇಷನ್, ಅಂದರೆ ಡಿಎಸ್‌ಒ. ‘ಡಾಕ್ಟ್ರೇ, ನೀವು ಹಲ್ಲು ನೋಡ್ಕೊಳ್ಳಿ, ಮಿಕ್ಕಿದ್ದು ನಮಗೆ ಬಿಡಿ’ ಅನ್ನುವ ಕಂಪನಿಗಳು ಇವು. ಕಟ್ಟಡದ ಬಾಡಿಗೆ, ಕುರ್ಚಿ, ಎಕ್ಸ್‌ರೇ ಯಂತ್ರ, ಸಿಬ್ಬಂದಿ ಸಂಬಳ, ವಿಮೆ ಕ್ಲೇಮು, ಜಾಹೀರಾತು, ಸಾಫ್ಟ್‌ವೇರ್ ಎಲ್ಲ ಅವರದ್ದೇ. ಪ್ರತಿಯಾಗಿ ಶುಲ್ಕ ತಗೋತಾರೆ. ದಂತ ಚಿಕಿತ್ಸಾಲಯದ ಮಾಲೀಕ ದಂತವೈದ್ಯನೇ ಆಗಿರಬೇಕು ಅಂತ ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಕಾನೂನಿದೆ. ಹಾಗಾಗಿ ಬೋರ್ಡಿನ ಮೇಲೆ ಕಂಪನಿ ಹೆಸರಿದ್ದರೂ ಕಾಗದದ ಮೇಲೆ ಡಾಕ್ಟರ ಹೆಸರು.

ಇದು ಮೋಸದ ವ್ಯವಸ್ಥೆ ಅಂತ ತಕ್ಷಣ ತೀರ್ಮಾನ ಮಾಡೋಕೆ ನಾನು ತಯಾರಿಲ್ಲ. ಅಲ್ಲಿ ದಂತವೈದ್ಯ ಓದು ಮುಗಿಸಿ ಹೊರಬರುವವರ ತಲೆ ಮೇಲೆ ಸರಾಸರಿ ಸುಮಾರು 3 ಲಕ್ಷ ಡಾಲರ್ ಸಾಲ ಇರುತ್ತೆ. ಅಂಥವರು ಇನ್ನೊಂದು ಸಾಲ ಮಾಡಿ ಕ್ಲಿನಿಕ್ ಹಾಕಿ, ಹಗಲೆಲ್ಲ ಹಲ್ಲು ಕೊರೆದು, ರಾತ್ರಿ ವಿಮಾ ಕಂಪನಿಗೆ ಕಾಗದ ತುಂಬುತ್ತಾ ಕೂರಬೇಕಾ? ನಾನು ಕೋಡ್ ಬರೀತೀನಿ, ಆಫೀಸಿನ ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ ಯೋಚನೆ ಮಾಡಲ್ಲ. ಅವರಿಗೂ ಆ ಅನುಕೂಲ ಬೇಕು ಅನ್ನಿಸಿದರೆ ತಪ್ಪೇನಿಲ್ಲ.

ಚಿತ್ರ ಮುಖ್ಯವಾಗಿ ನೋಡೋದು ಎರಡು ಕಂಪನಿಗಳನ್ನ. ಬಡಮಕ್ಕಳ ಹಲ್ಲು ನೋಡುವ ಕೂಲ್ ಸ್ಮೈಲ್ಸ್ ಒಂದು, ದೊಡ್ಡವರ ಆಸ್ಪೆನ್ ಡೆಂಟಲ್ ಇನ್ನೊಂದು. ಜನ ಅಲ್ಲಿಗೆ ಯಾಕೆ ಹೋಗ್ತಾರೆ ಅನ್ನೋದನ್ನ ಚಿತ್ರ ಚೆನ್ನಾಗಿ ತೋರಿಸುತ್ತೆ. ಬಡವರಿಗಿರುವ ಮೆಡಿಕೇಯ್ಡ್ ಕೊಡೋದು ಕಡಿಮೆ ದರ, ಅದಕ್ಕೇ ಎಷ್ಟೋ ಖಾಸಗಿ ದಂತವೈದ್ಯರು ಆ ರೋಗಿಗಳನ್ನ ತಗೊಳ್ಳೋದೇ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತೀವಲ್ಲ, ಅಲ್ಲಿ ಹಲ್ಲುನೋವು ಇರುವವರ ಹತ್ತಿರ ಡಾಕ್ಟರಿಲ್ಲ. ಆ ಖಾಲಿ ಜಾಗದಲ್ಲೇ ಈ ಕಂಪನಿಗಳು ಬೆಳೆದದ್ದು.

ಇಲ್ಲಿಯವರೆಗೆ ಸರಿ. ಆಮೇಲೆ ಚಿತ್ರ ಖಳನಾಯಕನನ್ನ ಹುಡುಕೋಕೆ ಹೊರಡುತ್ತೆ. ಹಿಂದೆ ಪ್ರೈವೇಟ್ ಈಕ್ವಿಟಿ ದುಡ್ಡಿದೆ, ಮಕ್ಕಳ ಹಲ್ಲಿಗೆ ಸ್ಟೀಲ್ ಕ್ರೌನ್ ಜಾಸ್ತಿ ಹಾಕ್ತಾರೆ, ನೋಡಿ ಅನ್ನುತ್ತೆ. ಬಡಮಕ್ಕಳ ಹಲ್ಲು ಹೆಚ್ಚು ಹಾಳಾಗಿರುತ್ತೆ, ಅದಕ್ಕೇ ಜಾಸ್ತಿ ಅನ್ನೋದು ಕಂಪನಿಯ ವಾದ. ಅಷ್ಟೇ ಹಾಳಾದ ಹಲ್ಲುಗಳ ಜೊತೆ ಹೋಲಿಸದೆ ಬರೀ ಸಂಖ್ಯೆ ಇಟ್ಟರೆ ಯಾವ ವಾದವೂ ಗೆಲ್ಲಲ್ಲ. ಮುಂದೆ 2018ರಲ್ಲಿ, ಅನಗತ್ಯ ಚಿಕಿತ್ಸೆ ಮಾಡಿ ಮೆಡಿಕೇಯ್ಡ್‌ಗೆ ಬಿಲ್ ಹಾಕಿದ ಆರೋಪ ಇತ್ಯರ್ಥ ಮಾಡಿಕೊಳ್ಳೋಕೆ ಕೂಲ್ ಸ್ಮೈಲ್ಸ್ ಮತ್ತು ಅದರ ನಿರ್ವಹಣಾ ಕಂಪನಿ 2.39 ಕೋಟಿ ಡಾಲರ್ ಕಟ್ಟಲು ಒಪ್ಪಿದವು, ತಪ್ಪು ಮಾತ್ರ ಒಪ್ಪಲಿಲ್ಲ. ಅಂದರೆ ಚಿತ್ರದ ಅನುಮಾನಕ್ಕೆ ಆಧಾರ ಇತ್ತು. ಆದರೂ ಅನುಮಾನ ಬೇರೆ, ಅದು ಹೇಗೆ ನಡೆಯುತ್ತೆ ಅಂತ ಬಿಡಿಸಿ ತೋರಿಸೋದು ಬೇರೆ.

ಬಿಡಿಸಿ ತೋರಿಸಬೇಕಾಗಿದ್ದದ್ದು ಇದು. ಕಾನೂನು ಒಂದು ಗೆರೆ ಎಳೆದಿದೆ. ಆ ಕಡೆ ಚಿಕಿತ್ಸೆ, ಈ ಕಡೆ ಆಡಳಿತ. ಹಾಗಾದರೆ ಕ್ಯಾಲೆಂಡರ್ ಯಾವ ಕಡೆ? ಒಬ್ಬ ರೋಗಿಗೆ ಎಷ್ಟು ನಿಮಿಷ ಅನ್ನೋದು ನೋಡೋಕೆ ಆಡಳಿತದ ವಿಷಯ. ಆದರೆ ಹಲ್ಲು ಉಳಿಸೋಕೆ ಒಂದು ಗಂಟೆ, ಕೀಳೋಕೆ ಕಾಲು ಗಂಟೆ ಬೇಕು ಅಂತಿಟ್ಟುಕೊಳ್ಳಿ. ಅರ್ಧ ಗಂಟೆಯ ಸ್ಲಾಟ್ ಇಟ್ಟವನು ಯಾವ ಚಿಕಿತ್ಸೆ ಅಂತಲೂ ಅರ್ಧ ತೀರ್ಮಾನ ಮಾಡಿಬಿಟ್ಟ, ಅಲ್ವಾ? ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಸ್ಪೆನ್ ಮೇಲೆ ನಡೆಸಿದ ತನಿಖೆ ಹಿಡಿದದ್ದು ಇಂಥದ್ದನ್ನೇ: ಆದಾಯ ನೋಡಿಕೊಂಡು ಮಾಡಿದ ವೇಳಾಪಟ್ಟಿ, ಮಾರಾಟ ಹೆಚ್ಚಿಸಿ ಅಂತ ಸಿಬ್ಬಂದಿ ಮೇಲೆ ಒತ್ತಡ. 2015ರಲ್ಲಿ ಕಂಪನಿ 4.5 ಲಕ್ಷ ಡಾಲರ್ ಕಟ್ಟಿ, ಅಲ್ಲಿನ ಕ್ಲಿನಿಕ್‌ಗಳ ಚಿಕಿತ್ಸಾ ತೀರ್ಮಾನಗಳಲ್ಲಿ ಕೈ ಹಾಕುವುದಿಲ್ಲ ಅಂತ ಒಪ್ಪಿಕೊಳ್ಳಬೇಕಾಯ್ತು.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಇದನ್ನ ವಿವರಿಸಬೇಕಾಗಿಲ್ಲ. ವಾರಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸೋಕೆ ಶುರು ಮಾಡಿದ ದಿನವೇ ಎಲ್ಲರೂ ಸಣ್ಣ ಟಿಕೆಟ್ ಹುಡುಕ್ತಾರೆ. ಕಷ್ಟದ ಕೆಲಸ ಮಾಡಬೇಡಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲ್ಲ, ಪರದೆ ಹೇಳಿರುತ್ತೆ. ನಮ್ಮಲ್ಲಿ ಹೀಗಾದರೆ ಬಗ್ ಉಳಿಯುತ್ತೆ, ಮುಂದಿನ ರಿಲೀಸ್‌ನಲ್ಲಿ ಸರಿ ಮಾಡಬಹುದು. ಕಿತ್ತ ಹಲ್ಲಿಗೆ ಮುಂದಿನ ರಿಲೀಸ್ ಇಲ್ಲ.

ಸ್ವಂತ ಕ್ಲಿನಿಕ್ಕಿನ ಡಾಕ್ಟರಿಗೆ ದುರಾಸೆ ಇಲ್ವಾ ಅಂತ ಕೇಳಬಹುದು. ಇದೆ, ಇಎಂಐ ಕೂಡ ಇದೆ. ಆದರೆ ಅವರು ತಪ್ಪು ಮಾಡಿದರೆ ರೋಗಿಯ ಮುಖ ನೋಡಿಕೊಂಡೇ ಮಾಡಬೇಕು. ಟಾರ್ಗೆಟ್ ಇಟ್ಟವರು ಆ ಕೋಣೆಗೆ ಬರೋದೇ ಇಲ್ಲ.

ಹಾಗಾಗಿ ಡಿಎಸ್‌ಒ ಒಳ್ಳೇದಾ ಕೆಟ್ಟದ್ದಾ ಅಂತ ಒಟ್ಟಾರೆ ಕೇಳಿ ಪ್ರಯೋಜನವಿಲ್ಲ. ಒಂದೊಂದು ಒಪ್ಪಂದಕ್ಕೂ ಎರಡು ಪ್ರಶ್ನೆ ಸಾಕು. ಈ ರೋಗಿಗೆ ಇನ್ನೂ ಅರ್ಧ ಗಂಟೆ ಬೇಕು ಅಂತ ಡಾಕ್ಟರು ಯಾರನ್ನೂ ಕೇಳದೆ ತೀರ್ಮಾನ ಮಾಡಬಹುದಾ? ಬೇಡ ಅನ್ನಿಸಿದ ದಿನ ಕಂಪನಿಯನ್ನ ಡಾಕ್ಟರು ಬಿಡಿಸಬಹುದಾ, ಇಲ್ಲಾ ಕಂಪನಿಯೇ ಡಾಕ್ಟರನ್ನ ಬಿಡಿಸುತ್ತಾ? ಚಿತ್ರ ನೋಡಿ, ನೋಡಲೇಬೇಕಾದ್ದೇ. ನೋಡುವಾಗ ಈ ಎರಡು ಪ್ರಶ್ನೆ ಪಕ್ಕದಲ್ಲಿಟ್ಟುಕೊಳ್ಳಿ.