ಬಂಡೆಯ ಮೇಲೆ ಜಾಣ, ಮರಳಿನಲ್ಲಿ ಭಾರ

ಎಲೆಕ್ಟ್ರಿಕ್ ಪಿಕಪ್‌ಗಳ ಜಾಹೀರಾತಿನಲ್ಲಿ ಅಶ್ವಶಕ್ತಿಯದೇ ಅಬ್ಬರ. 2021ರಲ್ಲಿ ಅಮೆರಿಕದ ಗ್ರಾಹಕರ ಕೈಸೇರಿದ ರಿವಿಯನ್ ಆರ್1ಟಿ 835 ಎಂದರೆ, ಅದರ ಬೆನ್ನಿಗೇ ಬಂದ ಜಿಎಂಸಿ ಹಮ್ಮರ್ ಇವಿ ಸಾವಿರ ಎಂದಿತು. ಯೂಟಾ ರಾಜ್ಯದ ಮೋಆಬ್ ಸುತ್ತಲಿನ ಮರಳುಗಲ್ಲಿನ ದಿಬ್ಬ ಹತ್ತುವವರಿಗೆ ಈ ಅಂಕಿಗಳನ್ನು ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ. ಅಲ್ಲಿ ಗಾಡಿ ಹೋಗುವುದೇ ಮನುಷ್ಯ ನಡೆಯುವ ವೇಗದಲ್ಲಿ. ಚಕ್ರ ಬಂಡೆಗೆ ತಾಗಿ ನಿಂತ ಗಳಿಗೆಯಲ್ಲಿ ಎಷ್ಟು ಬಲ ಬರುತ್ತದೆ, ಎಷ್ಟು ಹದವಾಗಿ ಬರುತ್ತದೆ ಎನ್ನುವುದಷ್ಟೇ ಮುಖ್ಯ. ಎಲೆಕ್ಟ್ರಿಕ್ ಗಾಡಿಯ ನಿಜವಾದ ಹೆಚ್ಚುಗಾರಿಕೆ ಇರುವುದೂ ಇಲ್ಲೇ.

ಪೆಟ್ರೋಲ್ ಎಂಜಿನ್ ಸಾಕಷ್ಟು ವೇಗವಾಗಿ ತಿರುಗದೆ ಹೆಚ್ಚು ಬಲ ಕೊಡುವುದಿಲ್ಲ. ಅದಕ್ಕೇ ಜೀಪ್ ರಾಂಗ್ಲರ್ ರುಬಿಕಾನ್‌ನಂಥ ಗಾಡಿಯಲ್ಲಿ ವೇಗವನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸುವ ಪ್ರತ್ಯೇಕ ಲೋ ಗೇರ್ ಇದೆ. ಎಲೆಕ್ಟ್ರಿಕ್ ಮೋಟಾರು ಹಾಗಲ್ಲ, ನಿಂತಲ್ಲಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಪೆಡಲನ್ನು ಕೂದಲೆಳೆಯಷ್ಟು ಒತ್ತಿದರೆ ಗಾಡಿ ಅಷ್ಟೇ ಮುಂದೆ ಸರಿಯುತ್ತದೆ. ಕಾಲು ತೆಗೆದರೆ ಮೋಟಾರೇ ಬ್ರೇಕಿನಂತೆ ಹಿಡಿಯುತ್ತದೆ. ಏರಿನಲ್ಲಿ ಎಂಜಿನ್ ಆಫ್ ಆಗಿ ಹಿಂದಕ್ಕೆ ಜಾರುವ ಭಯವಿಲ್ಲ, ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾಯುವ ಚಿಂತೆಯೂ ಕಡಿಮೆ. (ಬೆಟ್ಟದ ನೆತ್ತಿಯಲ್ಲೇ ಬ್ಯಾಟರಿ ತುಂಬಿಸಿಕೊಂಡು ಹೊರಟರೆ ಮಾತ್ರ ಆ ಹಿಡಿತ ಸಿಗದು, ಇಳಿಯುವಾಗ ಹುಟ್ಟುವ ಕರೆಂಟಿಗೆ ಒಳಗೆ ಜಾಗ ಇರಬೇಕಲ್ಲ.) ಸದ್ದಿಲ್ಲದಿರುವುದು ಬರೀ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಟೈರು ಕಲ್ಲಿನ ಮೇಲೆ ಜಾರುವುದು, ಹೊರಗೆ ನಿಂತು ದಾರಿ ತೋರಿಸುವವನು ‘ಎಡಕ್ಕೆ, ಇನ್ನೂ ಎಡಕ್ಕೆ’ ಎನ್ನುವುದು ಎಲ್ಲವೂ ಕಿವಿಗೆ ಬೀಳುತ್ತದೆ. ಎಂಜಿನ್ ಗಾಳಿ ಎಳೆಯುವ ಮಾತಿಲ್ಲದ್ದರಿಂದ ಹೊಳೆ ದಾಟಲು ಸ್ನಾರ್ಕೆಲ್ ಬೇಡ. ಆರ್1ಟಿ ಸುಮಾರು ಮೂರು ಅಡಿ ನೀರಿಗೆ ಇಳಿಯಬಲ್ಲದು.

ಆರ್1ಟಿಯ ಮೇಲ್ದರ್ಜೆಯ ಮಾದರಿಯಲ್ಲಿ ಚಕ್ರಕ್ಕೊಂದರಂತೆ ನಾಲ್ಕು ಮೋಟಾರುಗಳಿವೆ. ಯಾವ ಚಕ್ರಕ್ಕೆ ಎಷ್ಟು ಬಲ ಎಂಬುದನ್ನು ಕಂಪ್ಯೂಟರು ಕ್ಷಣಕ್ಷಣಕ್ಕೂ ಲೆಕ್ಕಹಾಕುತ್ತದೆ. ಹಾಗಾದರೆ ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್‌ನ ಕಾಲ ಮುಗಿಯಿತು ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲ ಲಾಕ್‌ಗಳನ್ನೂ ಹಾಕಿದ ಜೀಪಿನ ಮೂರು ಚಕ್ರಗಳಿಗೆ ಹಿಡಿತ ತಪ್ಪಿದರೆ ಎಂಜಿನ್ನಿನ ಬಲವನ್ನೆಲ್ಲ ನಾಲ್ಕನೆಯದಕ್ಕೆ ಸುರಿಯಬಹುದು. ಆರ್1ಟಿಯಲ್ಲಿ ಆ ಒಂಟಿ ಚಕ್ರಕ್ಕೆ ಅದರದೇ ಮೋಟಾರಷ್ಟೇ ದಿಕ್ಕು. ಉಳಿದ ಮೂರರ ಶಕ್ತಿಯನ್ನು ಸಾಲ ಕೊಡಲು ದಾರಿಯೇ ಇಲ್ಲ. ಲೋ ಗೇರ್ ಇಲ್ಲದ ಕೊರತೆ ಕಾಣುವುದೂ ಇಂಥಲ್ಲೇ: ಚಕ್ರ ತಿರುಗದೆ ಬಂಡೆಗೆ ಒತ್ತಿ ನಿಂತರೆ ಕರೆಂಟು ಒಂದೇ ಕಡೆ ಹರಿದು ಬಿಸಿ ಏರುತ್ತದೆ, ಮೋಟಾರನ್ನು ಕಾಪಾಡಲು ಸಾಫ್ಟ್‌ವೇರ್ ಬಲ ಇಳಿಸಬೇಕಾಗುತ್ತದೆ. ಇನ್ನೊಂದು ವಿಷಯ. ಕಂಪ್ಯೂಟರು ಎಷ್ಟೇ ಚುರುಕಾದರೂ ಚಕ್ರ ಜಾರಿದ ಮೇಲೆ ತಾನೇ ಅದಕ್ಕೆ ಗೊತ್ತಾಗುವುದು? ಲಾಕ್ ಜಾರುವವರೆಗೆ ಕಾಯುವುದಿಲ್ಲ.

ಏರ್ ಸಸ್ಪೆನ್ಷನ್ನಿನ ಕಥೆಯೂ ಇದೇ. ಆರ್1ಟಿಯ ಹೊಟ್ಟೆಯನ್ನು ನೆಲದಿಂದ 378 ಮಿಲಿಮೀಟರ್ ಎತ್ತಬಹುದು, ಕಾಗದದ ಮೇಲೆ ಇದು ಅದ್ಭುತ. ಆದರೆ ಪೂರ್ತಿ ಎತ್ತಿದ ಮೇಲೆ ಚಕ್ರ ಕೆಳಗಿಳಿದು ನೆಲ ಹುಡುಕಲು ಉಳಿಯುವ ಜಾಗ ಕಡಿಮೆ. ಹಳ್ಳ ಬಂದರೆ ಒಂದು ಕಾಲು ಗಾಳಿಯಲ್ಲಿ. ಇಡೀ ಎಕ್ಸಲ್ಲೇ ಓಲಾಡುವ ಜೀಪು ಇಲ್ಲಿ ಈಗಲೂ ಮೇಲು. ಫೋರ್ಡ್ ಎಫ್-150 ಲೈಟ್ನಿಂಗ್ ಅನ್ನು ಈ ಸಾಲಿಗೆ ಸೇರಿಸುವುದೇ ಬೇಡ. 213 ಮಿಲಿಮೀಟರ್ ಎತ್ತರದ ಅದು ಮಣ್ಣುರಸ್ತೆಯ ಗಾಡಿ.

ಇನ್ನು ತೂಕ. ಆರ್1ಟಿ ಮೂರು ಟನ್ ಮೀರುತ್ತದೆ. ಹಮ್ಮರ್ ಇವಿ ಸುಮಾರು 4,100 ಕಿಲೋ, ಅದರಲ್ಲಿ ಬ್ಯಾಟರಿಯೊಂದೇ 1,300 ಕಿಲೋ ದಾಟುತ್ತದೆ. ಅಂದರೆ ಒಂದು ಇಡೀ ಮಾರುತಿ ಸ್ವಿಫ್ಟ್‌ಗಿಂತ ಭಾರದ ಪೆಟ್ಟಿಗೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಬೆಟ್ಟ ಹತ್ತಬೇಕು. ಒಣ ಬಂಡೆಯ ಮೇಲೆ ಇದು ಅಷ್ಟಾಗಿ ಕಾಡುವುದಿಲ್ಲ. ಭಾರವೆಲ್ಲ ತಳದಲ್ಲಿರುವುದರಿಂದ ಓರೆಯಾದ ದಾರಿಯಲ್ಲಿ ಗಾಡಿ ಮಗುಚುವ ಭಯ ಕಡಿಮೆಯಾಗುತ್ತದೆ ಕೂಡ. ನೆಲ ಮೆತ್ತಗಾದಾಗ ಲೆಕ್ಕ ತಿರುಗಿಬೀಳುತ್ತದೆ. ಮರಳು, ಕೆಸರು, ಹಿಮ ಯಾವುದೂ ಟಾರ್ಕಿಗೆ ಮಣಿಯುವುದಿಲ್ಲ, ಟೈರಿನ ಗಾಳಿ ಇಳಿಸಿದರೂ ಟನ್ನುಗಳು ಟನ್ನುಗಳೇ. 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟಾನಿಸ್ಲಾಸ್ ಕಾಡಿನ ಹಿಮದಲ್ಲಿ ಸಿಕ್ಕಿಕೊಂಡ ಟೆಸ್ಲಾ ಸೈಬರ್‌ಟ್ರಕ್ಕನ್ನು ಫೋರ್ಡ್ ಪಿಕಪ್ಪೊಂದು ಎಳೆದ ವಿಡಿಯೊ ನೋಡಿ ಜಗತ್ತೇ ನಕ್ಕಿತು. ನಗು ಸ್ವಲ್ಪ ಅತಿಯಾಯಿತು, ಹಿಮದಲ್ಲಿ ಯಾವ ಗಾಡಿಯಾದರೂ ಹೂತುಹೋಗಬಹುದು. ಆದರೆ ಡಿಫರೆನ್ಷಿಯಲ್ ಲಾಕನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಕಳಿಸುತ್ತೇವೆ ಎಂದು ಹೇಳಿ ಗಾಡಿ ಮಾರಿದ ಕಂಪನಿಯ ಧೈರ್ಯ ಮಾತ್ರ ನಗುವಂಥದ್ದೇ.

ಹೂತ ಗಾಡಿಯನ್ನು ಎತ್ತುವುದು ಹೇಗೆ ಎಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ಕೇಳುವುದಿಲ್ಲ. ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚಿನ ಸಾಮರ್ಥ್ಯ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕೆಂಬುದು ಆಫ್‌ರೋಡ್ ಮಂದಿಯ ಹಳೆಯ ಲೆಕ್ಕ. ಖಾಲಿ ಹಮ್ಮರ್‌ಗೇ ಅದು ಆರು ಟನ್ ಮೀರುತ್ತದೆ. ಸಾಮಾನ್ಯವಾಗಿ ಬಂಪರಿಗೆ ಕಟ್ಟುವ 12,000 ಪೌಂಡಿನ ವಿಂಚು ಸಾಲದು. ಜೊತೆಗೆ ಬಂದ ಗೆಳೆಯನ ಜೀಪು ಎರಡು ಟನ್ನಿನದು. ಅದು ಹಮ್ಮರನ್ನು ಎಳೆಯುವುದಕ್ಕಿಂತ ತಾನೇ ಹಮ್ಮರಿನತ್ತ ಸರಿಯುವ ಸಂಭವವೇ ಹೆಚ್ಚು. ನಾಲ್ಕೂ ಚಕ್ರ ಒಂದೇ ಕೋನಕ್ಕೆ ತಿರುಗಿ ಏಡಿಯಂತೆ ಓರೆಯಾಗಿ ನಡೆಯುವ ಹಮ್ಮರಿನ ಚಮತ್ಕಾರ ಆಗ ಉಪಯೋಗಕ್ಕೆ ಬಾರದು.

ಚಾರ್ಜಿನ ವಿಷಯದಲ್ಲಿ ಜನ ಹೆದರುವ ಜಾಗ ತಪ್ಪು. ಕಲ್ಲುದಾರಿಯಲ್ಲಿ ನಿಧಾನ ಹೋಗುವಾಗ ಗಾಳಿಯ ತಡೆ ಇಲ್ಲ, ನಿಂತಾಗ ಮೋಟಾರು ಏನೂ ತಿನ್ನುವುದಿಲ್ಲ. ಇಡೀ ದಿನ ಬಂಡೆ ಹತ್ತಿಳಿದರೂ ಬ್ಯಾಟರಿ ಅಷ್ಟೇನೂ ಇಳಿಯದು. ಕರೆಂಟು ತಿನ್ನುವುದು ಆ ದಾರಿ ತಲುಪುವ ಹೆದ್ದಾರಿ, ಮತ್ತೆ ಒರಟು ಟೈರು. ಹಲ್ಲಿನ ಟೈರು ಹಾಕಿದರೆ ದೂರ ಶೇ. 10ರಿಂದ 15 ತಗ್ಗುತ್ತದೆಂದು ರಿವಿಯನ್ ಕಂಪನಿಯೇ ಹೇಳಿತ್ತು. 2019ರಲ್ಲಿ ನಟರಾದ ಇವಾನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಎಲೆಕ್ಟ್ರಿಕ್ ಬೈಕಿನಲ್ಲಿ ದಕ್ಷಿಣ ಅಮೆರಿಕದ ತುದಿಯಿಂದ ಲಾಸ್ ಏಂಜಲೀಸಿಗೆ ಹೊರಟಾಗ ಜೊತೆಗಿದ್ದದ್ದು ಇದೇ ಆರ್1ಟಿಯ ಆರಂಭದ ಗಾಡಿಗಳು. ದಾರಿಯುದ್ದಕ್ಕೂ ಚಾರ್ಜರುಗಳನ್ನು ಕಂಪನಿಯೇ ಹಾಕಿಸಿತ್ತು. ಆ ಭಾಗ್ಯ ನಮ್ಮ ನಿಮ್ಮಂಥವರಿಗೆ ಎಲ್ಲಿಂದ? ಡೀಸೆಲ್ ಗಾಡಿಯವನು ಇಪ್ಪತ್ತು ಲೀಟರಿನ ಕ್ಯಾನೊಂದನ್ನು ಹಿಂದೆ ಕಟ್ಟಿಕೊಂಡರೆ ಆಯಿತು. ಅದಕ್ಕೆ ಸಾಟಿಯಾದದ್ದು ಇನ್ನೂ ಬಂದಿಲ್ಲ.

ಹಾಗಾಗಿ 2025ರಲ್ಲಿ ಟೊಯೊಟಾ ತೋರಿಸಿದ ಎಲೆಕ್ಟ್ರಿಕ್ ಹೈಲಕ್ಸ್ ನನಗೆ ಈ ದೈತ್ಯರಿಗಿಂತ ಕುತೂಹಲದ್ದು. 59.2 ಕಿಲೋವ್ಯಾಟ್ ಅವರ್‌ನ ಚಿಕ್ಕ ಬ್ಯಾಟರಿ, ಮುಂದೊಂದು ಹಿಂದೊಂದು ಮೋಟಾರು, ನೀರಿಗಿಳಿಯುವ ಆಳ ಡೀಸೆಲ್ ಹೈಲಕ್ಸ್‌ನಷ್ಟೇ 700 ಮಿಲಿಮೀಟರ್. ಎಳೆಯುವ ಸಾಮರ್ಥ್ಯ ಮಾತ್ರ ಮೂರೂವರೆ ಟನ್ನಿನಿಂದ 1,600 ಕಿಲೋಗೆ ಇಳಿದಿದೆ, ಓಡುವ ದೂರ 240 ಕಿಲೋಮೀಟರಿನ ಆಸುಪಾಸು. ಬಿಡದಿಯ ಕಾರ್ಖಾನೆಯಿಂದ ಬರುವ ಡೀಸೆಲ್ ಹೈಲಕ್ಸನ್ನು ದೂರದ ಕಾಡುಮೇಡಿಗೆ ಒಯ್ಯುವವರು ಇದನ್ನು ಮುಟ್ಟಲಾರರು. ಬೆಳಿಗ್ಗೆ ಹೊರಟು ಸಂಜೆಗೆ ಅದೇ ಶೆಡ್ಡಿಗೆ ಮರಳುವ ಗಣಿಯ ಗಾಡಿಗೆ, ದೊಡ್ಡ ತೋಟದ ಗಾಡಿಗೆ ಇಷ್ಟು ಸಾಕು.