ವಿದ್ಯಾರ್ಥಿವೇತನದ ಅರ್ಜಿ: ಒಂದು ಪರಾಮರ್ಶೆ

ಬಡ ವಿದ್ಯಾರ್ಥಿಯ ಉನ್ನತ ವ್ಯಾಸಂಗಕ್ಕೆ ರಾಜಕೋಶದ ನೆರವು ಸಲ್ಲಬೇಕೆಂಬ ಭಾವನೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳ ಉದ್ಯೋಗದೊಡನೆ ಅವರ ಶಿಕ್ಷಣದ ಉತ್ತೇಜನವನ್ನೂ ಆಲೋಚಿಸಿತ್ತು. ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ನಡೆದುಬಂದಿದೆ. ಧ್ಯೇಯವು ಪ್ರಶ್ನಾತೀತವಾದುದು. ಆ ಧ್ಯೇಯವನ್ನು ಅರ್ಹರ ಕೈಗೆ ಮುಟ್ಟಿಸಲು ಕರ್ನಾಟಕ ಸರ್ಕಾರ ನಿರ್ಮಿಸಿರುವ, ಕಾಲೇಜು ಮಕ್ಕಳು ‘ಎಸ್‌ಎಸ್‌ಪಿ’ ಎಂದು ಕರೆಯುವ ಅರ್ಜಿಯ ಜಾಲತಾಣವೇ ಇಲ್ಲಿ ವಿಮರ್ಶೆಗೆ ವಸ್ತು.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಅರ್ಜಿಗಳೆಲ್ಲ ಇಲ್ಲಿ ಒಂದೆಡೆಗೆ ಬಂದಿವೆ. ನಾಡಕಚೇರಿಯಲ್ಲಿ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ಕಂದಾಯ ಇಲಾಖೆಯ ದಾಖಲೆಯೂ, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆಯನ್ನು ಕೊಟ್ಟರೆ ಪರೀಕ್ಷಾ ಮಂಡಳಿಯ ದಾಖಲೆಯೂ ದೊರೆಯುವುದರಿಂದ, ಜೆರಾಕ್ಸ್ ಪ್ರತಿಗಳ ಕಟ್ಟನ್ನು ಹಿಡಿದು ಅಧಿಕಾರಿಯ ಸಹಿಗಾಗಿ ಕಾದು ನಿಲ್ಲುವ ದೈನ್ಯ ಬಹುಮಟ್ಟಿಗೆ ತಪ್ಪಿತು. ಹಣವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುವುದರಿಂದ ಮಧ್ಯವರ್ತಿಗಳಿಗೆ ಆಸ್ಪದವೂ ಕುಗ್ಗಿತು. ಇದು ಅಲ್ಪವಾದ ಸಾಧನೆಯಲ್ಲ.

ಆದರೆ ನಮ್ಮ ಜನರ ಹೆಸರಿನ ರೀತಿಯನ್ನು ಈ ವ್ಯವಸ್ಥೆ ಅರಿಯದು. ಶಾಲೆಗೆ ಸೇರಿದ ದಿನ ಮೇಷ್ಟರು ಬರೆದುಕೊಂಡಂತೆ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ತಂದೆಯ ಪೂರ್ಣನಾಮವಾಗಿರುತ್ತದೆ. ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ. ಊರಿಗೆಲ್ಲ ಒಬ್ಬಳೇ ಎಂದು ಗೊತ್ತಿರುವ ಹುಡುಗಿ ಯಂತ್ರದ ಲೆಕ್ಕದಲ್ಲಿ ಮೂವರಾಗುತ್ತಾಳೆ. ಅದನ್ನು ತಿದ್ದಿಸಲು ಆಧಾರ್ ಕೇಂದ್ರದ ಸಾಲಿನಲ್ಲಿ ಒಂದು ದಿನದ ಕೂಲಿ, ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿದ್ದಕ್ಕೆ ಶುಲ್ಕ, ಒಟಿಪಿ ಬರುವ ಮೊಬೈಲು ದೂರದ ಊರಿನಲ್ಲಿ ದುಡಿಯುವ ತಂದೆಯ ಬಳಿ ಇದ್ದರೆ ಆತನ ಬಿಡುವಿಗಾಗಿ ಕಾಯುವ ಸಂಕಟ. ಇವೆಲ್ಲ ಯಾರಿಗೆ ನೆರವು ಅತ್ಯಗತ್ಯವೋ ಅವರ ಮೇಲೆಯೇ ಬೀಳುತ್ತವೆ. ಮನೆಯಲ್ಲಿ ಓದುಬರಹ ಬಲ್ಲ ಹಿರಿಯರೂ ಕಂಪ್ಯೂಟರೂ ಇರುವ ಕುಟುಂಬಕ್ಕೆ ಇದು ಒಂದು ಸಂಜೆಯ ಕೆಲಸ. ಅರ್ಹತೆಯನ್ನು ಅಳೆಯಲು ಹೊರಟ ಸಾಧನವು ತನಗರಿಯದೆಯೇ ಅನುಕೂಲವನ್ನು ಅಳೆಯುತ್ತಿದೆಯೆಂಬುದು ನನ್ನ ಮುಖ್ಯ ಆಕ್ಷೇಪ. ಕಾಲೇಜಿನ ಪ್ರಾಂಶುಪಾಲರು ‘ಇವಳು ಇವಳೇ’ ಎಂದು ದೃಢೀಕರಿಸಿದರೆ ಮುಗಿಯಬೇಕಾದ ಮಾತು ಇದು.

ಮೊತ್ತವನ್ನೂ ನೋಡಬೇಕು. ಸಾಮಾನ್ಯ ಪದವಿಯನ್ನು ಓದುತ್ತ ಮನೆಯಿಂದಲೇ ಬಂದುಹೋಗುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಕೇಂದ್ರದ 2021ರ ಮಾರ್ಗಸೂಚಿಯಂತೆ ಸಲ್ಲುವ ಶೈಕ್ಷಣಿಕ ಭತ್ಯೆ, ಶುಲ್ಕವನ್ನು ಬಿಟ್ಟು, ವರ್ಷಕ್ಕೆ 3,000 ರೂಪಾಯಿ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದವರ ಊಟ-ವಸತಿಗೆಂದು ವಿದ್ಯಾಸಿರಿ ಯೋಜನೆ ಮೊದಲಿಗೆ ಗೊತ್ತುಮಾಡಿದ್ದು ತಿಂಗಳಿಗೆ 1,500ರಂತೆ 10 ತಿಂಗಳ ಹಣ. ಬೆಂಗಳೂರಿನ ಬಾಡಿಗೆಯನ್ನು ಬಲ್ಲವರಿಗೆ ಇದರ ಅಲ್ಪತೆಯನ್ನು ವಿವರಿಸಬೇಕಾಗಿಲ್ಲ. ಆದರೂ ಅಲ್ಪವಾದುದೂ ಹೊತ್ತಿಗೆ ಬಂದರೆ ಓದನ್ನು ಉಳಿಸೀತು. ಬರುವ ಹೊತ್ತು ಮಾತ್ರ ಗೊತ್ತಿಲ್ಲ. ಪರಿಶಿಷ್ಟ ಜಾತಿಯವರ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ವೆಚ್ಚ ಹಂಚಿಕೆಯಾಗಿ, ರಾಜ್ಯದ ಪಾಲು ಸಂದ ಮೇಲೆಯೇ ಕೇಂದ್ರದ ಪಾಲು ಬರತಕ್ಕದ್ದೆಂಬ ಕ್ರಮವಿರುವುದರಿಂದ, ಒಂದೆಡೆಯ ವಿಳಂಬ ಇನ್ನೊಂದೆಡೆಗೂ ವ್ಯಾಪಿಸುತ್ತದೆ. ಬಾಡಿಗೆ ತಿಂಗಳು ತಿಂಗಳಿಗೂ ಕೊಡಬೇಕು. ಪುಸ್ತಕ ಪರೀಕ್ಷೆಗೆ ಮೊದಲೇ ಬೇಕು.

ಅರ್ಜಿಯ ಕೊನೆಯ ದಿನವನ್ನು ಸರ್ಕಾರ ಪ್ರಕಟಿಸುತ್ತದೆ, ಅದನ್ನು ಮೀರಿದವರಿಗೆ ಆ ವರ್ಷ ಬಹುಶಃ ನಷ್ಟ. 2011ರ ಸಕಾಲ ಕಾಯಿದೆಯಿಂದ ಸರ್ಕಾರಿ ಸೇವೆಗಳಿಗೆ ಕಾಲಮಿತಿಯನ್ನು ವಿಧಿಸಿದ ನಾಡು ಇದು. ಆದುದರಿಂದ ಆ ಪ್ರಕಟಣೆಯಲ್ಲಿಯೇ ಹಣ ಜಮೆಯಾಗುವ ದಿನವನ್ನೂ ಕಾಣಿಸತಕ್ಕದ್ದು. ತಡವಾದರೆ ಕಾರಣವನ್ನು ವಿದ್ಯಾರ್ಥಿಗೆ ಕನ್ನಡದಲ್ಲಿ ತಿಳಿಸತಕ್ಕದ್ದು. ಆ ಹಣ ಬರುವ ತನಕ ಶುಲ್ಕ ಬಾಕಿಯೆಂದು ಯಾವ ಕಾಲೇಜೂ ಪ್ರವೇಶಪತ್ರವನ್ನು ತಡೆಹಿಡಿಯದಂತೆ ಆಜ್ಞೆ ಹೊರಡಿಸತಕ್ಕದ್ದು.